ಗೊಂಬೆ ಕೂರಿಸಿದ ಸರಾಯೆವೊ

ಹೋಗದ ಊರಿಗೆ ದಾರಿ ಕೇಳುವವರನ್ನು ಎಲ್ಲರೂ ನೋಡಿರುತ್ತಾರೆ. ಹೋಗದ ಊರಿಗೆ ದಾರಿ ಹೇಳುವವಳೆಂದರೆ ಚಂದ್ರಪ್ರಭಾ ಒಬ್ಬಳೇ. ಸರಾಯೆವೊ ನಗರದಲ್ಲಿ ಟ್ರಾಮ್ ಎಲ್ಲಿ ತಿರುಗುತ್ತದೆ, ಹಳೇ ಪೇಟೆಯ ಮರದ ಕಾರಂಜಿಯಿಂದ ಗಡಿಯಾರದ ಗೋಪುರ ಎಷ್ಟು ದೂರ, ಮಸೀದಿ ದಾಟಿದರೆ ಯಾವ ಚರ್ಚು, ಚರ್ಚು ದಾಟಿದರೆ ಯಹೂದಿಗಳ ಮಂದಿರ ಎಲ್ಲಿ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಹಾಗಂತ ಯುರೋಪಿಗೆ ಕಾಲಿಟ್ಟವಳಲ್ಲ. ಮೈಸೂರು ಬಿಟ್ಟರೆ ಸಿಡ್ನಿ, ಸಿಡ್ನಿ ಬಿಟ್ಟರೆ ಮೆಲ್ಬರ್ನು, ನಡುವೆ ಸಿಂಗಪುರದ ವಿಮಾನನಿಲ್ದಾಣದಲ್ಲಿ ನಾಲ್ಕು ಗಂಟೆ ಕಾದದ್ದು. ಅಷ್ಟೇ ಅವಳ ಲೋಕಸಂಚಾರ.

ಈ ಹುಚ್ಚು ಹತ್ತಿದ್ದು ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ, 2001ರಲ್ಲಿ. ಗಂಡ ಗೋಪೀನಾಥ ಆಗ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಮಗಳು ಪ್ರಾರ್ಥನಾ ಹೈಸ್ಕೂಲಿಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ತೊಗರಿಬೇಳೆ ತರಲು ಹೊರಟ ಚಂದ್ರಪ್ರಭಾ ದಾರಿಯಲ್ಲಿ ಹಳೇ ಸಾಮಾನು ಮಾರುವ ಆಪ್ ಶಾಪಿಗೆ ಹೊಕ್ಕಳು, ಒಂದು ದಪ್ಪ ಚಿತ್ರಪುಸ್ತಕ ಎತ್ತಿಕೊಂಡಳು, ಬೇಳೆ ಮರೆತು ಮನೆಗೆ ಬಂದಳು. ಸರಾಯೆವೊದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುವುದಕ್ಕೆ ಒಂದು ವರ್ಷ ಮುಂಚೆ, 1983ರಲ್ಲಿ, ಅಚ್ಚಾದ ಪುಸ್ತಕ ಅದು. ಪುಟ ತೆರೆದರೆ ತುರ್ಕರ ಮಸೀದಿ, ಅದರ ಪಕ್ಕದಲ್ಲೇ ಆಸ್ಟ್ರಿಯಾದವರ ಮಹಲು, ಎರಡು ಪಂಗಡದ ಎರಡು ಚರ್ಚು, ತಾಮ್ರದ ಪಾತ್ರೆ ಬಡಿಯುವವರ ಗಲ್ಲಿ, ಅದರ ಬೆನ್ನಿಗೇ ಟ್ರಾಮು. ಒಂದಕ್ಕೊಂದು ಹೊಂದುವುದಿಲ್ಲ, ಆದರೂ ಎಲ್ಲ ಹೊಂದಿಕೊಂಡು ಕೂತಿವೆ.

"ಇದು ನಮ್ಮ ಲಷ್ಕರ್ ಮೊಹಲ್ಲಾನೇ ಕಣ್ರೀ," ಎಂದಳು ಅವತ್ತು ಗಂಡನಿಗೆ, ಮೈಸೂರಿನ ತಮ್ಮ ಹಳೇ ಕೇರಿಯನ್ನು ನೆನೆದು. "ಚರ್ಚಿನ ಗಂಟೆ, ಮಸೀದಿ ಬಾಂಗು, ಮಾರಮ್ಮನ ತಮಟೆ ಎಲ್ಲ ಒಟ್ಟಿಗೇ ಕೇಳ್ತಿರ್ಲಿಲ್ವಾ? ಹಾಗೇ. ಮೇಲೆ ಒಂಚೂರು ಹಿಮ ಬಿದ್ದಿದೆ ಅಷ್ಟೆ."

"ಯಾವೂರು ಅಂದೆ? ಸಾರಾಯಿನಾ?" ಎಂದ ಗೋಪೀನಾಥ. ಆಮೇಲೆ ಆರು ವರ್ಷ ಕಳೆದರೂ ಅವನು ಆ ಜೋಕನ್ನು ಬಿಡಲಿಲ್ಲ.

ಲೈಬ್ರರಿಯಿಂದ ಇನ್ನಷ್ಟು ಪುಸ್ತಕ ಬಂದವು. ಗೋಡೆಗೆ ನಕ್ಷೆ ಬಂತು. ಸಿಡ್ನಿ ಕನ್ನಡಿಗರ ಯುಗಾದಿ ಕೂಟದಲ್ಲಿ ಅವಳು 'ನಾ ಕಂಡ ಸರಾಯೆವೊ' ಎಂದು ಇಪ್ಪತ್ತು ನಿಮಿಷ ಮಾತಾಡಿಯೂ ಬಿಟ್ಟಳು. ಕಂಡದ್ದು ಎಲ್ಲಿ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮಕ್ಕಳು ಸರಾಯೆವೊ ಆಂಟಿ ಎಂದು ಹೆಸರಿಟ್ಟರು, ಅವಳಿಗೆ ಅದರಿಂದ ಖುಷಿಯೇ ಆಯಿತು.

ತೊಂಬತ್ತರ ದಶಕದಲ್ಲಿ ಆ ಊರಿನಲ್ಲಿ ಯುದ್ಧವಾಗಿತ್ತೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮೈಸೂರಿನಲ್ಲಿದ್ದಾಗ ಟೀವಿ ವಾರ್ತೆಯಲ್ಲಿ ಕೇಳಿದ್ದಳು. ಆದರೆ ಶುಭದ ಹೊತ್ತಿನಲ್ಲಿ ಅಶುಭ ನುಡಿಯಬಾರದು, ದೀಪ ಹಚ್ಚಿದ ಮೇಲೆ ಸಾವಿನ ಸುದ್ದಿ ಆಡಬಾರದು ಎಂಬ ಮನೆಯಲ್ಲಿ ಬೆಳೆದವಳು. ಪುಸ್ತಕದಲ್ಲಿ ಹೊಗೆಯಾಡುವ ಪುಟ ಬಂದರೆ ಎರಡೆರಡು ಹಾಳೆ ಒಟ್ಟಿಗೆ ಮಗುಚಿಬಿಡುತ್ತಿದ್ದಳು. ಮುಗಿದುಹೋದ ಕೆಟ್ಟ ಕನಸನ್ನು ಮತ್ತೆ ಕೆದಕುವುದೇಕೆ ಎನ್ನುತ್ತಿದ್ದಳು. ನನ್ನನ್ನು ಕೇಳಿದರೆ, ತಪ್ಪು ಶುರುವಾದದ್ದು ಅಲ್ಲಿ. ಪ್ರೀತಿಸುವವರು ಎಲ್ಲ ಪುಟವನ್ನೂ ಓದಬೇಕು.

2005ರ ಕೊನೆಗೆ ಗೋಪೀನಾಥನಿಗೆ ಮೆಲ್ಬರ್ನಿಗೆ ವರ್ಗವಾಯಿತು. ಪ್ರಾರ್ಥನಾ ಯೂನಿವರ್ಸಿಟಿ ಸೇರಿ ಸಿಡ್ನಿಯಲ್ಲೇ ಉಳಿದಳು. ಗಂಡಹೆಂಡಿರು ಕ್ರಾನ್‌ಬರ್ನಿನಲ್ಲಿ ಮಾರ್ಟ್‌ಗೇಜ್ ಮಾಡಿ ಹೊಸ ಮನೆ ತೆಗೆದುಕೊಂಡರು. ಸುತ್ತ ಅರ್ಧ ಕಟ್ಟಿದ ಮನೆಗಳು, ಅದರಾಚೆ ಕುದುರೆ ಮೇಯುವ ಬಯಲು, ಕೊತ್ತಂಬರಿ ಸೊಪ್ಪಿಗೂ ಕಾರು ಬೇಕು. ಮಾತಿಗೆ ಜನವಿಲ್ಲದೆ ಚಂದ್ರಪ್ರಭಾ ಒಗ್ಗರಣೆ ಸೌಟಿನ ಜೊತೆ ಮಾತಾಡುವ ಹಂತಕ್ಕೆ ಬಂದಿದ್ದಳು.

ಆಗ ಸಿಕ್ಕವಳು ಪಕ್ಕದ ಮನೆಯ ಫಾದಿಲಾ. ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಫ್ಯಾಕ್ಟರಿ ಕೆಲಸಕ್ಕೆ ಹೋದ ಮೇಲೆ ಅವಳೂ ಒಂಟಿ. ಮೊದಲು ಬೇಲಿಯ ಮೇಲಿಂದ ನಿಂಬೆಹಣ್ಣು ಬಂತು, ಪ್ರತಿಯಾಗಿ ಉಪ್ಪಿನಕಾಯಿ ಹೋಯಿತು. ಚಂದ್ರಪ್ರಭೆಗೆ ಪಿತ್ತಕೋಶದ ಆಪರೇಷನ್ ಆದಾಗ ಹನ್ನೊಂದು ದಿನ ಫಾದಿಲಾ ಸೂಪು ಮಾಡಿ ತಂದಳು. ಒಂದೊಂದು ಪೊಟ್ಟಣದ ಲೇಬಲ್ಲನ್ನೂ ಓದಿ, "ಮಾಂಸ ಇಲ್ಲ, ಮೊಟ್ಟೆ ಇಲ್ಲ, ನಿನ್ನ ದೇವರಿಗೆ ಕೋಪ ಬರುವಂಥದ್ದು ಏನೂ ಇಲ್ಲ," ಎಂದು ಆಣೆ ಇಟ್ಟು ಕುಡಿಸಿದಳು. ಇಬ್ಬರ ಇಂಗ್ಲಿಷೂ ಕುಂಟುತ್ತಿತ್ತು. ಅದನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ. ಒಡಹುಟ್ಟಿದ ಅಕ್ಕ ಕೂಡ ಹೀಗೆ ನೋಡಿಕೊಂಡಿರಲಿಲ್ಲ ಎಂದು ಚಂದ್ರಪ್ರಭಾ ಗಂಡನ ಮುಂದೆ ಕಣ್ಣೊರೆಸಿಕೊಂಡಿದ್ದಳು. ಮೆಲ್ಬರ್ನಿನಲ್ಲಿ ಅವಳ ಪಾಲಿಗೆ ಇದ್ದ ಗೆಳತಿ ಇವಳೊಬ್ಬಳೇ.

ಯಾವ ಊರು ಎಂದು ಕೇಳಿದರೆ ಫಾದಿಲಾ, "ದೂರ. ಈಗ ಆ ಹೆಸರಿನ ದೇಶವೇ ಇಲ್ಲ," ಎನ್ನುತ್ತಿದ್ದಳು. ಮಕ್ಕಳೆಷ್ಟು ಎಂದರೆ, "ಮಗ, ಪರ್ತ್‌ನಲ್ಲಿ," ಎಂದು ಮಾತು ಮುಗಿಸುತ್ತಿದ್ದಳು.

2007ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಫಾದಿಲಾಳ ಅಡುಗೆಮನೆಯಲ್ಲಿ ಕಾಫಿಗೆ ಕೂತಿದ್ದಾಗ ಒಲೆಯ ಮೇಲೆ ಉದ್ದ ಹಿಡಿಯ ಸಣ್ಣ ತಾಮ್ರದ ಪಾತ್ರೆ ಕಂಡಿತು. ಚಂದ್ರಪ್ರಭಾ ಅದನ್ನು ನೂರು ಸಲ ನೋಡಿದ್ದಳು, ಅವಳ ಪುಸ್ತಕದಲ್ಲಿ, ತಾಮ್ರದ ಗಲ್ಲಿಯ ಪುಟದಲ್ಲಿ.

"ಸರಾಯೆವೊ?" ಎಂದಳು.

ಫಾದಿಲಾಳ ಕೈ ನಿಂತಿತು. ಕಾಫಿ ಉಕ್ಕಿ ಒಲೆಗೆ ಸುರಿಯಿತು. "ಹೌದು," ಎಂದಳು, ಮತ್ತೆ ಬಟ್ಟೆ ತೆಗೆದುಕೊಂಡು ಒಲೆಯನ್ನು ಬಹಳ ಹೊತ್ತು ಒರೆಸಿದಳು. ಬುದ್ಧಿಯಿದ್ದವರು ಆ ಒರೆಸುವ ಕೈಯನ್ನು ನೋಡುತ್ತಿದ್ದರು. ಚಂದ್ರಪ್ರಭೆಗೆ ಆಗ ಬುದ್ಧಿ ಎಲ್ಲಿತ್ತು? ಆರು ವರ್ಷದಿಂದ ಪುಸ್ತಕದಲ್ಲಿ ಹುಡುಕುತ್ತಿದ್ದ ಊರು ಬೇಲಿಯಾಚೆಯೇ ನಿಂಬೆಹಣ್ಣು ಕೀಳುತ್ತಿತ್ತು! ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ.

ಅವಳು ಅಲ್ಲೇ ತೀರ್ಮಾನ ಮಾಡಿದಳು. ಈ ಸಲದ ನವರಾತ್ರಿಗೆ ಮನೆಯಲ್ಲಿ ಗೊಂಬೆ ಕೂರಿಸುವಾಗ ಮೈಸೂರು ದಸರಾ ಮೆರವಣಿಗೆ ಬೇಡ, ಸರಾಯೆವೊ ಊರನ್ನೇ ಕೂರಿಸುವುದು. ಫಾದಿಲಾಳನ್ನು ಕುಂಕುಮಕ್ಕೆ ಕರೆದು, ಬಾಗಿಲು ತೆಗೆದು, ತಗೋ ನಿನ್ನ ಊರು ಎನ್ನುವುದು. ಅವಳು ಕೊಟ್ಟ ಹನ್ನೊಂದು ದಿನದ ಸೂಪಿಗೆ ಬೇರೆ ಏನು ಕೊಟ್ಟರೂ ಕಡಿಮೆಯೇ.

"ಒಂದ್ ಮಾತು ಅವರನ್ನ ಕೇಳಿ ಮಾಡು ಚಂದ್ರಾ," ಎಂದ ಗೋಪೀನಾಥ. ಜೋಕು ಹೇಳುವವನೇ ಆದರೂ ಅವನಿಗೆ ಆಗಾಗ ವಿವೇಕ ಬರುತ್ತಿತ್ತು.

"ಕೇಳಿ ಮಾಡಿದ್ರೆ ಏನ್ ಚೆನ್ನಾಗಿರುತ್ತೆ? ನೀವು ಸುಮ್ನೆ ರಟ್ಟು ಕತ್ತರಿಸಿಕೊಡಿ."

ಗ್ಯಾರೇಜು ಕಾರ್ಖಾನೆಯಾಯಿತು. ಫ್ರಿಜ್ಜು ಬಂದ ಪೆಟ್ಟಿಗೆಯಿಂದ ಬೆಟ್ಟ, ಬೆಂಕಿಪೆಟ್ಟಿಗೆಯಿಂದ ಬೆಟ್ಟದ ಮನೆಗಳು, ಐಸ್‌ಕ್ರೀಮ್ ಕಡ್ಡಿಯಿಂದ ಮರದ ಕಾರಂಜಿ, ರಟ್ಟಿಗೆ ಕೆಂಪು ಹಳದಿ ಪಟ್ಟೆ ಬಳಿದು ಹೊಳೆದಂಡೆಯ ದೊಡ್ಡ ಗ್ರಂಥಾಲಯ. ಮೇಲಿನ ಮೆಟ್ಟಿಲಲ್ಲಿ ರೂಢಿಯಂತೆ ಪಟ್ಟದ ಗೊಂಬೆ, ರಾಜ ರಾಣಿ. ಅಮ್ಮ ಕೊಟ್ಟಿದ್ದ ಶೆಟ್ಟಿ ಮತ್ತು ಶೆಟ್ಟಿಗಿತ್ತಿ ಗೊಂಬೆಗಳನ್ನು ಕಾಲುಗಂಟೆ ಯೋಚಿಸಿ ತಾಮ್ರದ ಗಲ್ಲಿಯಲ್ಲೇ ಕೂರಿಸಿ, ಮುಂದೆ ಅಕ್ಕಿಬೇಳೆಯ ಬದಲು ಕಾಫಿಬೀಜ ಸುರಿದಳು. ಶೆಟ್ಟರು ಎಲ್ಲಿ ಕೂತರೂ ವ್ಯಾಪಾರ ಮಾಡುತ್ತಾರೆ. ಮೆಟ್ಟಿಲುಗಳ ಮುಂದೆ ನೆಲಕ್ಕೆ ಬೂದು ಬಣ್ಣದ ಅಗಲವಾದ ಹಲಗೆ ಹಾಸಿ, ಅದರ ಮೇಲೆ ಬೀದಿಗಳನ್ನು ಎಳೆದಳು.

ಪುಸ್ತಕ ಹಳೆಯದಾಯಿತು, ಇತ್ತೀಚಿನ ಫೋಟೋ ಬೇಕು ಎಂದು ಸಿಡ್ನಿಗೆ ಫೋನು ಹೋಯಿತು. ಪ್ರಾರ್ಥನಾ ಇಂಟರ್ನೆಟ್ಟಿನಿಂದ ಮೂವತ್ತು ಫೋಟೋ ತೆಗೆದು ಈಮೇಲ್ ಮಾಡಿದಳು. "ಕೆಳಗೆ ಏನೇನೋ ಉದ್ದುದ್ದ ಬರ್ದಿದೆ ಅಮ್ಮಾ, ಟೈಮ್ ಆದಾಗ ಓದು. ನಂಗೆ ಎಕ್ಸಾಮ್ ಇದೆ," ಎಂದಳು. ಗೋಪೀನಾಥ ಪ್ರಿಂಟು ತೆಗೆದುಕೊಟ್ಟ. ಚಂದ್ರಪ್ರಭಾ ಕತ್ತರಿ ಹಿಡಿದು ಕೂತು ಒಂದೊಂದು ಫೋಟೋದ ಕೆಳಗಿನ ಬರಹವನ್ನೂ ನೀಟಾಗಿ ಕತ್ತರಿಸಿ ಹಾಕಿದಳು. ಬರಹ ಎಂದ ಮೇಲೆ ಎಲ್ಲಾದರೂ ಯುದ್ಧ ಇಣುಕಿಯೇ ಇಣುಕುತ್ತದೆ. ಹಬ್ಬದ ಮನೆಯಲ್ಲಿ ಅದೇಕೆ?

ಆ ಫೋಟೋಗಳಲ್ಲಿ ನಾಲ್ಕನ್ನು ನೋಡಿ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಬೂದು ಬಣ್ಣದ ಕಾಲುದಾರಿ. ಅದರ ನಡುವೆ ಕೆಂಪು ಬಣ್ಣದಲ್ಲಿ ಹೂವಿನಂಥ ಚಿತ್ತಾರ: ನಡುವೆ ಒಂದು ದೊಡ್ಡ ಚುಕ್ಕೆ, ಸುತ್ತ ಉದ್ದುದ್ದ ಎಸಳು. ಪಕ್ಕದಲ್ಲಿ ಜನ ಚೀಲ ಹಿಡಿದು ನಡೆದುಹೋಗುತ್ತಿದ್ದರು.

"ರೀ! ಇಲ್ಲಿ ನೋಡ್ರೀ! ಅಲ್ಲೂ ರಂಗೋಲಿ ಹಾಕ್ತಾರೆ! ಬೀದಿ ಬೀದಿಲಿ ಹಾಕಿದಾರೆ!"

ಗೋಪೀನಾಥ ಕನ್ನಡಕ ಏರಿಸಿ ನೋಡಿ, "ರಂಗೋಲಿ ಥರಾನೇ ಇದೆ," ಎಂದ. ಅವನನ್ನೂ ಬಯ್ಯುವಂತಿಲ್ಲ. ಬಾಗಿಲ ಮುಂದೆ ರಂಗೋಲಿ ನೋಡುತ್ತ ಬೆಳೆದ ಕಣ್ಣಿಗೆ ನೆಲದ ಮೇಲಿನ ಕೆಂಪು ಹೂವು ಬೇರೆ ಏನಾಗಿ ಕಾಣಬೇಕು?

ಅವಳ ಪ್ರೀತಿಗೆ ಮುದ್ರೆ ಬಿದ್ದ ಹಾಗಾಯಿತು. ಒಂಬತ್ತು ದಿನ, ದಿನಕ್ಕೊಂದರಂತೆ ಒಂಬತ್ತು ಕೆಂಪು ರಂಗೋಲಿ ಎಂದು ನಿರ್ಧರಿಸಿದಳು. ಪಾಡ್ಯದ ಬೆಳಿಗ್ಗೆ ಸ್ನಾನ ಮಾಡಿ, ಅಕ್ಕಿಹಿಟ್ಟಿಗೆ ಕುಂಕುಮ ಬೆರೆಸಿ, ಪೇಟೆಯ ಮುಂದೆ ಮೊದಲನೆಯದನ್ನು ಹಾಕಿದಳು. ಎರಡನೆಯದು ಸೇತುವೆಯ ಹತ್ತಿರ. ಮೂರನೆಯದು ಚರ್ಚಿನ ಮುಂದೆ. ಫೋಟೋದಲ್ಲಿ ಒಂದು ಎಸಳು ಅತ್ತ ಗಿಡ್ಡ, ಇತ್ತ ಉದ್ದ, ಸೊಟ್ಟಗಿತ್ತು. "ಪಾಪ, ಕೈ ಕೂತಿಲ್ಲ ಅವರಿಗೆ," ಎಂದು ಅದನ್ನು ತಾನೇ ನೇರ ಮಾಡಿ ಬರೆದಳು.

ಭಾನುವಾರ ಕನ್ನಡದ ಮನೆಯವರೆಲ್ಲ ಬಂದರು. ಡಾಂಡೆನಾಂಗಿನ ವಿಜಯಾ, ಗೊಂಬೆ ಎಂದರೆ ಮೂಗು ಮುರಿಯುವವಳು, ಅವಳೂ ಬಾಯಿ ಬಿಟ್ಟುಕೊಂಡು ನೋಡಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಮಕ್ಕಳು ಬೂದು ಹಲಗೆಯ ಮೇಲೆ ಒಂದು ರಂಗೋಲಿಯಿಂದ ಇನ್ನೊಂದಕ್ಕೆ ಕುಂಟೆಬಿಲ್ಲೆ ಹಾರಿದರು. "ಅಳಿಸಬೇಡ್ರೋ, ಹಾರ್ಕೊಂಡ್ ಹೋಗಿ," ಎಂದು ಚಂದ್ರಪ್ರಭಾ ಚಪ್ಪಾಳೆ ತಟ್ಟಿ ನಕ್ಕಳು.

ಫಾದಿಲಾಳನ್ನು ಏಳನೆಯ ದಿನಕ್ಕೆ, ಗುರುವಾರ ಮಧ್ಯಾಹ್ನ, ಒಬ್ಬಳನ್ನೇ ಕರೆದಿದ್ದಳು. ಅವಳು ನೀಲಿ ಉಡುಪು ಹಾಕಿಕೊಂಡು, ತಟ್ಟೆಯಲ್ಲಿ ಅಕ್ರೋಟಿನ ಸಿಹಿ ಹಿಡಿದು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಚಂದ್ರಪ್ರಭಾ ಅವಳ ಕಣ್ಣಿಗೆ ಹಿಂದಿನಿಂದ ಕೈ ಮುಚ್ಚಿ ಹಾಲಿಗೆ ನಡೆಸಿಕೊಂಡು ಬಂದು, ಹಲಗೆಯ ಅಂಚಿನಲ್ಲಿ ನಿಲ್ಲಿಸಿ ಕೈ ತೆಗೆದಳು.

 ಫಾದಿಲಾಳ ಒಂದು ಕೈ ಮೆಲ್ಲಗೆ ಬಾಯಿಗೆ ಹೋಯಿತು. "ಸೆಬಿಲ್," ಎಂದಳು, ಐಸ್‌ಕ್ರೀಮ್ ಕಡ್ಡಿಯ ಕಾರಂಜಿಯನ್ನು ನೋಡಿ. ಎರಡು ಹೆಜ್ಜೆ ಮುಂದೆ ಬಂದಳು. "ಅದರ ಹಿಂದೆ ನನ್ನ ಅಪ್ಪನ ಅಂಗಡಿ. ಇಲ್ಲೇ, ಈ ನಿನ್ನ ದಪ್ಪ ಮನುಷ್ಯ ಕೂತಿದ್ದಾನಲ್ಲ, ಇಲ್ಲೇ." ಶೆಟ್ಟಿಯ ತಲೆ ಸವರಿದಳು. ನಕ್ಕಳು. ಕಣ್ಣು ತುಂಬಿತ್ತು. ಟ್ರಾಮಿನ ನಂಬರು ಹೇಳಿದಳು. ಪಟ್ಟೆಪಟ್ಟೆಯ ಗ್ರಂಥಾಲಯವನ್ನು ಮುಟ್ಟಿ, "ಇದು ಸುಟ್ಟುಹೋಯಿತು ಚಂದ್ರ. ಮೂರು ದಿನ. ಪುಸ್ತಕದ ಬೂದಿ ನಮ್ಮ ಬಾಲ್ಕನಿಗೆ ಬೀಳುತ್ತಿತ್ತು," ಎಂದಳು.

"ನಮ್ಮ ಮನೆಯಲ್ಲಿ ಸುಟ್ಟಿಲ್ಲ," ಎಂದಳು ಚಂದ್ರಪ್ರಭಾ.

ಫಾದಿಲಾ ತಿರುಗಿ ಅವಳನ್ನು ತಬ್ಬಿಕೊಂಡಳು. ಚಂದ್ರಪ್ರಭೆಗೆ ಜನ್ಮ ಸಾರ್ಥಕವಾಯಿತು ಎನಿಸಿತು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಅಷ್ಟಕ್ಕೇ ಸುಮ್ಮನಿದ್ದು ಹಣ್ಣುಕಾಯಿ ಕೊಟ್ಟು ಕಳಿಸಿದ್ದರೆ ಆಗುತ್ತಿತ್ತು. ಆದರೆ ಹೊಗಳಿಸಿಕೊಂಡ ಬಾಯಿ ಸುಮ್ಮನಿರುತ್ತದೆಯೇ?

"ಕೆಳಗೆ ನೋಡು, ಕೆಳಗೆ," ಎಂದಳು. "ಅದನ್ನು ನೋಡಲೇ ಇಲ್ಲ ನೀನು."

ಫಾದಿಲಾ ಕೆಳಗೆ ನೋಡಿದಳು. ಬೂದು ಬೀದಿಗಳ ಮೇಲೆ ಏಳು ಕೆಂಪು ಹೂವು. ಅವಳ ಬಲಗಾಲು ಐದನೆಯದರ ಮೇಲಿತ್ತು.

"ಇದು ಯಾರು ಹೇಳಿದರು ನಿನಗೆ?" ಧ್ವನಿ ಬೇರೆಯೇ ಆಗಿತ್ತು.

"ಯಾರೂ ಹೇಳಲಿಲ್ಲ, ನಾನೇ ಕಂಡುಹಿಡಿದೆ. ನಿಮ್ಮ ರಂಗೋಲಿ! ನಾವೂ ಹಾಕುತ್ತೇವೆ, ದಿನಾ ಬೆಳಿಗ್ಗೆ, ಮನೆಗೆ ಒಳ್ಳೆಯದಾಗಲಿ ಅಂತ. ನೀವೂ ಹಾಕುತ್ತೀರಿ. ನೋಡು, ನಾವಿಬ್ಬರೂ ಒಂದೇ!"

ಫಾದಿಲಾ ಕಾಲು ಎತ್ತಿದಳು. ಅಂಗಾಲು ಪೂರ್ತಿ ಕೆಂಪಗಿತ್ತು. ಅವಳು ಆ ಅಂಗಾಲನ್ನು ನೋಡಿದಳು, ಚಂದ್ರಪ್ರಭೆಯ ನಗುಮುಖವನ್ನು ನೋಡಿದಳು.   ಎದುರು ನಿಂತವಳನ್ನು ದಾಟಿಕೊಂಡು, ಹಾಲು ದಾಟಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟುಹೋದಳು.

 ಬಿಳಿಯ ಟೈಲಿನ ಮೇಲೆ, ಹಾಲಿನಿಂದ ಬಾಗಿಲವರೆಗೆ, ಕೆಂಪು ಹೆಜ್ಜೆಗಳು ಬಿದ್ದಿದ್ದವು, ಬಲಗಾಲಿನವು ಮಾತ್ರ. ಹಬ್ಬದಲ್ಲಿ ಲಕ್ಷ್ಮಿಯ ಹೆಜ್ಜೆಯನ್ನು ಒಳಗೆ ಬರುವಂತೆ ಬರೆಯುವುದು ರೂಢಿ. ಇವು ಹೊರಗೆ ಹೋಗಿದ್ದವು.

ಏನಾಯಿತೆಂದು ಚಂದ್ರಪ್ರಭೆಗೆ ಅರ್ಥವಾಗಲಿಲ್ಲ. ಕುಂಕುಮ ಅವರ ಧರ್ಮಕ್ಕೆ ಆಗುವುದಿಲ್ಲವೇ? ಕಾಲಿಗೆ ಮೆತ್ತಿದ್ದಕ್ಕೆ ಸಿಟ್ಟೇ? ಕತ್ತರಿಸಿದ ಬರಹದ ನೆನಪಾಗಿ ಕಸದ ಬುಟ್ಟಿಗೆ ಓಡಿದಳು. ಅದು ಯಾವಾಗಲೋ ಖಾಲಿಯಾಗಿತ್ತು. ಸಿಡ್ನಿಗೆ ಫೋನು ಹಚ್ಚಿದಳು.

"ಆ ರಂಗೋಲಿ ಫೋಟೋ ಇತ್ತಲ್ಲ, ಅದರ ಕೆಳಗೆ ಏನ್ ಬರ್ದಿತ್ತೇ? ಈಗ್ಲೇ ಓದು."

"ಯಾವ ರಂಗೋಲಿ ಅಮ್ಮಾ? ಇರು, ಮೇಲ್ ಓಪನ್ ಮಾಡ್ತೀನಿ." ಕೀಲಿ ಒತ್ತುವ ಸದ್ದು.  "ಅಮ್ಮಾ..."

"ಓದು ಅಂದ್ನಲ್ಲ."

"ಶೆಲ್ ಬಿದ್ದು ಜನ ಸತ್ತ ಜಾಗ ಅಂತೆ ಅಮ್ಮಾ. ಶೆಲ್ ಬಿದ್ರೆ ಕಾಂಕ್ರೀಟಲ್ಲಿ ಹೂವಿನ ಥರ ಗುಳಿ ಆಗುತ್ತಂತೆ. ವಾರ್ ಮುಗಿದ್ಮೇಲೆ ಅದಕ್ಕೆ ರೆಡ್ ರೆಸಿನ್ ಅಂಟು ತುಂಬಿದಾರೆ, ಮರೀಬಾರ್ದು ಅಂತ. ಸರಾಯೆವೊ ರೋಸ್ ಅಂತಾರಂತೆ... ಅಮ್ಮಾ, ನಾನೂ ಓದಿರ್ಲಿಲ್ಲ. ಸಾರಿ ಅಮ್ಮಾ. ನೀನು ಅದನ್ನ ಏನ್ ಮಾಡ್ದೆ?"

 ಚಂದ್ರಪ್ರಭಾ ಫೋನು ಇಟ್ಟಳು.  ಏಳು ದಿನ, ಮಡಿಯುಟ್ಟು, ಹಾಡು ಗುನುಗುತ್ತಾ ತಾನು ಹಾಕಿದ್ದು ಸತ್ತವರ ಗುರುತು. ಮಕ್ಕಳನ್ನು ಅದರ ಮೇಲೆ ಕುಂಟೆಬಿಲ್ಲೆ ಆಡಿಸಿದ್ದಳು. ಚಪ್ಪಾಳೆ ತಟ್ಟಿದ್ದಳು. ಎಸಳು ಸೊಟ್ಟಗಿದೆಯೆಂದು, ಅವರಿಗೆ ಕೈ ಕೂತಿಲ್ಲವೆಂದು, ನೇರ ಮಾಡಿದ್ದಳು! 

ಸಂಜೆ ಗೋಪೀನಾಥ ಬಂದಾಗ ಅವಳು ಹಲಗೆಯ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು. ಅವನಿಗೂ ವಿಷಯ ಹೇಳಿದಳು. ಹೊತ್ತುಗೊತ್ತಿಲ್ಲದೆ ಬರುವ ಜೋಕೂ ಆವತ್ತು ಬರಲಿಲ್ಲ. ಕೊನೆಗೆ, "ಅಳಿಸಿಬಿಡು ಚಂದ್ರಾ," ಎಂದ.

ಅವಳು ಪೊರಕೆ ತಂದಳು. ದಿನಾ ಬೆಳಿಗ್ಗೆ ಹಿಂದಿನ ದಿನದ ರಂಗೋಲಿಯನ್ನು ಗುಡಿಸಿ ಹೊಸದು ಹಾಕುವುದು ನಲವತ್ತು ವರ್ಷದ ಅಭ್ಯಾಸ. ಮೊದಲನೆಯದರ ಹತ್ತಿರ ಬಗ್ಗಿದಳು. ಪೊರಕೆ ಮುಂದೆ ಹೋಗಲಿಲ್ಲ.

"ಆಗಲ್ಲ ರೀ. ಇದು ಕಸ ಅಲ್ಲ."

ಪಕ್ಕದ ಮನೆಯ ಬಾಗಿಲನ್ನು ಅವತ್ತು ಒಮ್ಮೆ, ಮರುದಿನ ಎರಡು ಸಲ ತಟ್ಟಿದಳು. ಕಾರು ಅಲ್ಲೇ ನಿಂತಿತ್ತು. ಕಿಟಕಿಯ ಪರದೆ ಎಳೆದಿತ್ತು. ಬಾಗಿಲು ತೆರೆಯಲಿಲ್ಲ. ಬಿಟ್ಟುಹೋದ ಚಪ್ಪಲಿಯನ್ನು ಒರೆಸಿ ಅವರ ಮೆಟ್ಟಿಲ ಮೇಲಿಟ್ಟು ಬಂದಳು. ಶನಿವಾರವೂ ಅದು ಅಲ್ಲೇ ಇತ್ತು. ಹೋಯಿತು, ಇನ್ನು ಆ ಮುಖ ನನ್ನ ಕಡೆ ತಿರುಗುವುದಿಲ್ಲ ಎಂದು ಚಂದ್ರಪ್ರಭೆಗೆ ಖಚಿತವಾಯಿತು.

ಆಯುಧಪೂಜೆಯ ದಿನ ವಿಜಯಾ ಮತ್ತೆ ಬಂದಳು. ಹಲಗೆಯ ಸುತ್ತ ಕುರ್ಚಿಗಳನ್ನು ಅಡ್ಡ ಇಟ್ಟಿದ್ದು ಕಂಡು ಯಾಕೆಂದಳು. ಚಂದ್ರಪ್ರಭಾ ಮುಚ್ಚಿಡದೆ ಹೇಳಿದಳು. ವಿಜಯಾ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ ರಾಮ! ದೇವಿ ಮುಂದೆ ಸಾವಿನ ಗುರುತು ಇಟ್ಕೊಂಡು ಕೂತಿದೀರಲ್ರೀ! ನೀರು ಹಾಕಿ ತೊಳೀರಿ ಮೊದ್ಲು. ಮಕ್ಕಳು ಮರಿ ಬರೋ ಮನೆ."

"ಇರಲಿ ಬಿಡಿ ವಿಜಯಾ. ಇಷ್ಟು ವರ್ಷ ನಾನೂ ಹಾಗೇ ತೊಳ್ಕೊಂಡೇ ಬಂದೆ."

ವಿಜಯಾ ತಾಂಬೂಲ ತೆಗೆದುಕೊಳ್ಳದೆ ಹೋದಳು. ಚಂದ್ರಪ್ರಭಾ ತಡೆಯಲಿಲ್ಲ. ಎಂಟನೆಯ, ಒಂಬತ್ತನೆಯ ದಿನ ಅವಳು ರಂಗೋಲಿ ಹಾಕಲಿಲ್ಲ. ಏಳಕ್ಕೇ ನಿಂತಿತ್ತು.

ವಿಜಯದಶಮಿ ಭಾನುವಾರ. ಪಟ್ಟದ ಗೊಂಬೆಗಳನ್ನು ಮಲಗಿಸಿ, ಊರನ್ನೆಲ್ಲ ಬಿಚ್ಚಿ ಪೆಟ್ಟಿಗೆ ತುಂಬಬೇಕು. ಮಧ್ಯಾಹ್ನ ನಾಲ್ಕಕ್ಕೆ ರಾಜನನ್ನು ಕೈಗೆತ್ತಿಕೊಂಡಾಗ ಹಿತ್ತಲ ಬಾಗಿಲು ಸರಿದ ಸದ್ದಾಯಿತು. ಫಾದಿಲಾ ನಿಂತಿದ್ದಳು. ಮುಖ ಊದಿಕೊಂಡಿತ್ತು. ನೀಲಿ ಉಡುಪಿಲ್ಲ, ಮನೆಯ ಹಳೇ ಬಟ್ಟೆ. ಚಪ್ಪಲಿ ಬಿಟ್ಟು ಒಳಗೆ ಬಂದಳು.

 ಚಂದ್ರಪ್ರಭಾ ಮೂರು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷಿನ ಒಂದು ವಾಕ್ಯವೂ ಬರಲಿಲ್ಲ. ರಾಜನನ್ನು ಕೆಳಗಿಟ್ಟು ಕೈ ಮುಗಿದಳು. "ತಪ್ಪಾಯ್ತು," ಎಂದಳು, ಕನ್ನಡದಲ್ಲೇ. "ನಂಗೆ ಗೊತ್ತಿರ್ಲಿಲ್ಲ. ತಪ್ಪ್ ಮಾಡ್ಬಿಟ್ಟೆ."

ಫಾದಿಲಾ ಅವಳ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಕುರ್ಚಿಗಳ ಕಡೆ ನೋಡಿದಳು. "ಅಳಿಸಿಲ್ಲ," ಎಂದಳು.

"ಆಗಲಿಲ್ಲ."

"ಎಷ್ಟು ಹಾಕಿದ್ದೀಯ?"

"ಏಳು."

ಫಾದಿಲಾ ಒಂದು ಕುರ್ಚಿ ಸರಿಸಿ ಮಂಡಿಯೂರಿದಳು. ಬೆರಳನ್ನು ಕಾರಂಜಿಯ ಮುಂದೆ ಇಟ್ಟು, ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಎಳೆದುಕೊಂಡು ಹೋದಳು, ಬೆಂಕಿಪೆಟ್ಟಿಗೆಯ ಮನೆಗಳ ಸಂದಿಯಲ್ಲಿ, ಬೆಟ್ಟದ ದಾರಿಯಲ್ಲಿ, ಎರಡು ತಿರುವು ದಾಟಿ. ಬರೀ ಬೂದು ಹಲಗೆಯಿದ್ದ ಕಡೆ ಬೆರಳು ನಿಂತಿತು.

"ಇಲ್ಲಿ ಒಂದು ಹಾಕು."

ಚಂದ್ರಪ್ರಭೆಗೆ ತಿಳಿಯಲಿಲ್ಲ. "ಅಲ್ಲಿ ಯಾವ ಫೋಟೋದಲ್ಲೂ ಇರಲಿಲ್ಲ."

"ಇಲ್ಲ. ಇಲ್ಲಿ ಇಲ್ಲ." ಫಾದಿಲಾಳ ಧ್ವನಿ ಸಮವಾಗಿತ್ತು, ಲೇಬಲ್ ಓದುವಾಗಿನ ಹಾಗೆ. "ಮೂರು ಜನ ಸತ್ತರೆ ಕೆಂಪು ತುಂಬುತ್ತಾರೆ. ಇಲ್ಲಿ ಸತ್ತದ್ದು ಒಬ್ಬಳೇ. ಒಬ್ಬಳಿಗೆ ತುಂಬುವುದಿಲ್ಲ. ಟಾರು ಹಾಕಿ ಮುಚ್ಚಿದರು. ಈಗ ಅಲ್ಲಿ ಕಾರು ಓಡಾಡುತ್ತವೆ."

"ಯಾರು?" ಎಂದಳು ಚಂದ್ರಪ್ರಭಾ. ಕೇಳುವಾಗಲೇ ಅವಳಿಗೆ ಗೊತ್ತಾಗಿತ್ತು.

"ಸೆಲ್ಮಾ. ನನ್ನ ಮಗಳು. ಹನ್ನೊಂದು ವರ್ಷ. ನೀರು ತರಲು ಹೋಗಿದ್ದಳು."

ಎರಡು ವರ್ಷ ಬೇಲಿಯ ಮೇಲಿಂದ ನಿಂಬೆಹಣ್ಣು, ಉಪ್ಪಿನಕಾಯಿ, ಮಂಡಿನೋವು, ಪ್ರಾರ್ಥನಾಳ ಎಕ್ಸಾಮು. ಒಂದು ದಿನವೂ ಆ ಹೆಸರು ಬಂದಿರಲಿಲ್ಲ. ಪ್ರಾರ್ಥನಾ ರಜೆಗೆ ಬಂದಾಗ ಅವಳ ಜಡೆಯನ್ನು ಫಾದಿಲಾ ಸುಮ್ಮನೆ ಹಿಡಿದುಕೊಂಡು ಕೂರುತ್ತಿದ್ದದ್ದು ಈಗ ನೆನಪಾಗಿ ಚಂದ್ರಪ್ರಭಾ ಸೆರಗನ್ನು ಬಾಯಿಗೊತ್ತಿಕೊಂಡಳು. ತಾನು ಆ ಊರಿನ ಟ್ರಾಮು ಎಲ್ಲಿ ತಿರುಗುತ್ತದೆಂದು ಬಲ್ಲವಳು!

ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಳು. ಫಾದಿಲಾಳ ಪಕ್ಕದಲ್ಲಿ ಮಂಡಿಯೂರಿದಳು.

"ಹೇಗಿರಬೇಕು?"

"ಗೊತ್ತಿಲ್ಲ. ನಾನು ನೋಡಲು ಹೋಗಲಿಲ್ಲ. ಆಮೇಲೆ ಒಂದು ವರ್ಷ ಅಲ್ಲೇ ಇದ್ದೆ, ಆ ದಾರಿ ಹಿಡಿಯಲಿಲ್ಲ." ಬೆರಳು ಇನ್ನೂ ಅಲ್ಲೇ ಇತ್ತು. "ನೀನೇ ಹಾಕು ಚಂದ್ರ. ಸಣ್ಣದು."

ಚಂದ್ರಪ್ರಭಾ ಚಿಟಿಕೆಯಲ್ಲಿ ಕೆಂಪು ತೆಗೆದುಕೊಂಡಳು. ನೂರು ಚುಕ್ಕಿಯ ರಂಗೋಲಿಯನ್ನು ಮಾತಾಡುತ್ತಾ ಮಾತಾಡುತ್ತಾ ಹಾಕುವ ಕೈ ಅದು. ಈಗ ನಡುವಿನ ಒಂದು ಚುಕ್ಕೆ ಇಡಲು ಅದು ಎರಡು ಸಲ ಕುಂಕುಮ ಹಿಡಿಯಬೇಕಾಯಿತು. ಫಾದಿಲಾ ಬೆರಳು ತೆಗೆದು ಜಾಗ ಬಿಟ್ಟಳು. ಒಂದು ಎಸಳು ಬಿತ್ತು, ಎರಡನೆಯದು ಬಿತ್ತು. ಮೂರನೆಯದು ಎಳೆಯುವಾಗ ಕೈ ಜಾರಿ ಎಸಳು ಸೊಟ್ಟಗಾಯಿತು, ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ.

ಅಭ್ಯಾಸಬಲದಿಂದ ಕಿರುಬೆರಳು ಅದನ್ನು ತಿದ್ದಲು ಮುಂದೆ ಹೋಯಿತು. ಹೋದ ಬೆರಳನ್ನು ಚಂದ್ರಪ್ರಭಾ ಹಿಂದಕ್ಕೆ ತೆಗೆದುಕೊಂಡಳು. ಎಸಳನ್ನು ಹಾಗೆಯೇ ಬಿಟ್ಟು ನಾಲ್ಕನೆಯದಕ್ಕೆ ಕುಂಕುಮ ಹಿಡಿದಳು.